ದರೋಜಿಯ ಕರಡಿ ಪ್ರವಾಸ: ಮಾರ್ಗದರ್ಶಿಗೆ ಪೂರ್ಣ ಅಂಕ, ಕೈಪಿಡಿಗೆ ಇಲ್ಲ

ಬಳ್ಳಾರಿಯಿಂದ ಊಟ ಮುಗಿಸಿ ಹೊರಟು ರಾತ್ರಿಯ ಊಟದ ಹೊತ್ತಿಗೆ ಮರಳುವ, ದರೋಜಿ ಕರಡಿಧಾಮದ ಪ್ರವಾಸವೊಂದನ್ನು ನಗರದ ಖಾಸಗಿ ಸಂಸ್ಥೆಯೊಂದು ನಡೆಸುತ್ತಿದೆ. ಕ್ರೂಸರ್ ಗಾಡಿ, ಒಬ್ಬ ಮಾರ್ಗದರ್ಶಿ, ಇಬ್ಬರಿಗೊಂದು ದುರ್ಬೀನು, ದಾರಿಯಲ್ಲಿ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ, ಕೈಗೊಂದು ಮುದ್ರಿತ ಕೈಪಿಡಿ: ಶುಲ್ಕದಲ್ಲಿ ಸೇರಿರುವುದು ಇಷ್ಟು. ಜಾಹೀರಾತಿನಲ್ಲಿ ಕರಡಿಯ ಚಿತ್ರವೇ ದೊಡ್ಡದಾಗಿರುವುದರಿಂದ ಬರುವವರೆಲ್ಲರೂ ಕರಡಿಗಾಗಿಯೇ ಬರುತ್ತಾರೆ. ಆದರೆ ಈ ಪ್ರವಾಸದಲ್ಲಿ ಕೊಟ್ಟ ಹಣಕ್ಕೆ ನಿಜವಾಗಿ ಬೆಲೆ ಬರುವುದು, ಒಂದು ಪ್ರಾಣಿಯನ್ನು ಸರ್ಕಾರ ಪಟ್ಟಿಗೆ ಸೇರಿಸಿದ ಮೇಲೆ ನೆಲದ ಮೇಲೆ ಏನಾಗುತ್ತದೆ ಎಂಬುದನ್ನು ಮಾರ್ಗದರ್ಶಿ ವಿವರಿಸುವ ಆ ಒಂದು ಗಂಟೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ವೀಕ್ಷಣಾ ಗೋಪುರದ ಎದುರಿಗಿರುವ ಕರಡಿಕಲ್ಲು ಗುಡ್ಡದ ಬಂಡೆಗಳ ಮೇಲೆ ಅರಣ್ಯ ಇಲಾಖೆಯ ಸಿಬ್ಬಂದಿ ಮಧ್ಯಾಹ್ನ ಬೆಲ್ಲದಂಥ ಸಿಹಿಯನ್ನು ಸವರಿ ಹೋಗುತ್ತಾರೆ, ಬಿಸಿಲು ಇಳಿದ ಮೇಲೆ ಕರಡಿಗಳು ಕಲ್ಲುಗಳ ಸಂದಿಯಿಂದ ಹೊರಬರುತ್ತವೆ. ನಾವು ಹೋದ ದಿನ ಮೊದಲು ಇಳಿದದ್ದು ಒಂದು ತಾಯಿ, ಅದರ ಬೆನ್ನಿನ ಉದ್ದ ಕೂದಲನ್ನು ಕಚ್ಚಿ ಹಿಡಿದಂತೆ ಅಂಟಿಕೊಂಡಿದ್ದ ಎರಡು ಮರಿಗಳು. ದುರ್ಬೀನಿನಲ್ಲಿ ಅದರ ಬಿಳಿಯ ಉಗುರುಗಳು ಬಂಡೆಯ ಅಂಚಿಗೆ ತಾಗುವುದೂ, ಮೂತಿಯನ್ನು ಕಲ್ಲಿಗೆ ಒತ್ತಿ ನೆಕ್ಕುವುದೂ ಸ್ಪಷ್ಟವಾಗಿ ಕಂಡಿತು. ಈ ಜಾತಿಗೆ ಮೇಲ್ದವಡೆಯ ಮುಂಭಾಗದಲ್ಲಿ ಎರಡು ಬಾಚಿಹಲ್ಲುಗಳು ಇರುವುದಿಲ್ಲವೆಂದೂ, ಗೆದ್ದಲನ್ನು ಹೀರಿ ತಿನ್ನಲು ಆ ಕಿಂಡಿಯೇ ಅನುಕೂಲವೆಂದೂ ಮಾರ್ಗದರ್ಶಿ ಹೇಳಿದರು. ಸಿಹಿ ಸವರಿ ಕರೆಸುವ ಪದ್ಧತಿಯ ಬಗ್ಗೆ ನನಗೆ ಪೂರ್ಣ ಸಮಾಧಾನವಿಲ್ಲ. ಕಾಡುಪ್ರಾಣಿಗೆ ಹೊತ್ತು ಹೊತ್ತಿಗೆ ತಿನಿಸು ಒದಗಿಸುವುದು ನೋಡುಗರಿಗೆ ಒಳ್ಳೆಯದೇ ಹೊರತು ಪ್ರಾಣಿಗೆ ಒಳ್ಳೆಯದೆಂದು ಹೇಳುವುದು ಕಷ್ಟ. ಧಾಮದಲ್ಲಿ ಜಾನೆ, ಉಲುಪಿ, ಕವಳೆ, ಬೋರೆ, ನೇರಳೆ, ಸೀತಾಫಲಗಳು ಕರಡಿಗೆ ಸಿಗುತ್ತವೆ, ಆ ಹಣ್ಣಿನ ಗಿಡಗಳು ಹೆಚ್ಚಿದಷ್ಟೂ ಬಂಡೆಯ ಮೇಲಿನ ಬೆಲ್ಲದ ಅಗತ್ಯ ಕಡಿಮೆಯಾಗಬೇಕಲ್ಲವೇ ಎಂಬ ನನ್ನ ಪ್ರಶ್ನೆಗೆ ಮಾರ್ಗದರ್ಶಿ ನಕ್ಕು, ಹೌದೆಂದು ತಲೆಯಾಡಿಸಿದರು.

ಇನ್ನು ಅವರ ವಿವರಣೆ. ದರೋಜಿಯನ್ನು ಕರಡಿಧಾಮವೆಂದು ಘೋಷಿಸಿದ್ದು 1994ರಲ್ಲಿ, 2009ರಲ್ಲಿ ಸೇರಿದ ಭಾಗವನ್ನೂ ಲೆಕ್ಕಕ್ಕೆ ಹಿಡಿದರೆ ವಿಸ್ತೀರ್ಣ ಸುಮಾರು 82 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಕಾಲಿಡಲು ಅನುಮತಿ ಬೇಕು, ಆ ಅನುಮತಿ ಕೊಡಬಹುದಾದ ಕಾರಣಗಳಲ್ಲಿ ಪ್ರವಾಸವೂ ಒಂದು ಎಂದು 28ನೇ ಕಲಂ ಹೇಳುತ್ತದೆ. ಗೇಟಿನಲ್ಲಿ ಹರಿದುಕೊಡುವ ಚೀಟಿಯ ಹಿಂದೆ ಇಂಥದೊಂದು ಕಲಂ ಇದೆಯೆಂಬುದು ನಮ್ಮ ಗಾಡಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಕರಡಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ. ಆದ್ದರಿಂದ ಅದನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬೆಳೆ ಹಾಳು ಮಾಡಿತೆಂಬ ಕಾರಣ ಒಂದೇ ಇದ್ದರೆ ಈ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಯಾರೂ ಅನುಮತಿ ಕೊಡಲಾರರು. ಮನುಷ್ಯರ ಜೀವಕ್ಕೆ ಅಪಾಯವಾಗಿದ್ದರೆ, ಅಥವಾ ವಾಸಿಯಾಗದ ರೋಗ, ಊನ ಇದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡಬಹುದು, ಅದೂ ಹಿಡಿಯುವುದಾಗಲೀ ಬೇರೆಡೆಗೆ ಸಾಗಿಸುವುದಾಗಲೀ ಸಾಧ್ಯವಿಲ್ಲವೆಂದು ಮನವರಿಕೆಯಾದ ಮೇಲೆ.

ಇದನ್ನು ಒಣ ಕಾನೂನಾಗಿ ಬಿಡದೆ ಅವರು ಕುಣಿಯುವ ಕರಡಿಗಳ ಕಥೆಗೆ ಜೋಡಿಸಿದ ರೀತಿ ನನಗೆ ಹಿಡಿಸಿತು. ಕಾಯ್ದೆ ಬಂದದ್ದು 1972ರಲ್ಲಿ, ಆದರೆ ದೇಶದ ಕೊನೆಯ ಕುಣಿಯುವ ಕರಡಿ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರವನ್ನು ಸೇರಿದ್ದು 2009ರಲ್ಲಿ. ನಡುವಿನ ಅಷ್ಟೂ ವರ್ಷ ಊರೂರಿನ ಸಂತೆಗಳಲ್ಲಿ ಮೂಗುದಾರದ ಕರಡಿಯನ್ನು ಎಲ್ಲರೂ ಕಂಡವರೇ. ಕರಡಿ ಕುಣಿಸುತ್ತಿದ್ದ ಕಲಂದರ್ ಸಮುದಾಯದವರಿಗೆ ಬೇರೆ ದುಡಿಮೆಯ ದಾರಿ ತೋರಿಸಿದ ಮೇಲೆಯೇ ಆ ಕಸುಬು ನಿಂತಿತು.

ಹಾಗೆಯೇ ಸಿರುಗುಪ್ಪದ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಮಾತು ಬಂತು. ಈ ಹಕ್ಕಿಯೂ ಕರಡಿಯಂತೆ ಒಂದನೇ ಅನುಸೂಚಿಯದ್ದೇ, 2011ರಿಂದ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ದರ್ಜೆಯದ್ದು. ಕರಡಿಗೆ ಗುಡ್ಡವಿದೆ, ಸುತ್ತ ಗಡಿ ಹಾಕಿ ಧಾಮವೆನ್ನಬಹುದು. ಎರೆಭೂತ ಓಡಾಡುವುದು ರೈತರ ಎರೆಹೊಲಗಳಲ್ಲಿ ಮತ್ತು ಬಯಲಿನಲ್ಲಿ. ಅಲ್ಲಿ ಅದನ್ನು ಉಳಿಸಬೇಕಾದರೆ ಹೊಲದ ಒಡೆಯನ ಒಪ್ಪಿಗೆ ಬೇಕು. ತುಂಗಭದ್ರೆಯ ನೀರುನಾಯಿಗಳದ್ದು ಮೂರನೆಯ ದಾರಿ: ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸಂರಕ್ಷಣಾ ಮೀಸಲು (ಸ್ಥಳೀಯರೊಂದಿಗೆ ಸಮಾಲೋಚಿಸಿ ಸರ್ಕಾರಿ ಜಾಗದಲ್ಲಿ ಮಾಡುವ ರಕ್ಷಿತ ಪ್ರದೇಶ) ಎಂದು ಘೋಷಿಸಲಾಯಿತು. ಒಂದೇ ಸೀಮೆಯಲ್ಲಿ ಸರ್ಕಾರದ ಮೂರು ಬಗೆಯ ಕೆಲಸವನ್ನು ಹೀಗೆ ಎದುರುಬದುರು ಇಟ್ಟು ಹೇಳುವವರು ಅಪರೂಪ.

ಕೈಪಿಡಿಯ ವಿಷಯಕ್ಕೆ ಬಂದರೆ ನಿರಾಸೆಯೇ. ಕಾಯ್ದೆಗೆ ಆರು ಅನುಸೂಚಿಗಳಿವೆ ಎಂದು ಅದರಲ್ಲಿ ಅಚ್ಚಾಗಿದೆ. 2022ರ ತಿದ್ದುಪಡಿ ಅವನ್ನು ನಾಲ್ಕಕ್ಕೆ ಇಳಿಸಿತು: ಪ್ರಾಣಿಗಳಿಗೆ ಎರಡು, ಸಸ್ಯಗಳಿಗೆ ಒಂದು, ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಒಪ್ಪಂದದಲ್ಲಿ ಬರುವ ಜೀವಿಗಳಿಗೆ ಒಂದು. ಇದಕ್ಕಿಂತ ದೊಡ್ಡ ದೋಷವೆಂದರೆ, ಕೆಂಪುಪಟ್ಟಿಯಲ್ಲಿರುವುದರಿಂದ ಕರಡಿಯ ಬೇಟೆ ಅಪರಾಧ ಎಂಬ ವಾಕ್ಯ. ಕೆಂಪುಪಟ್ಟಿ ಜಗತ್ತಿನಾದ್ಯಂತ ಅಪಾಯವನ್ನು ಅಳೆಯುತ್ತದೆ, ಶಿಕ್ಷೆ ವಿಧಿಸುವುದು ದೇಶದ ಕಾಯ್ದೆ. ಅದೇ ಗೋಪುರದ ಕೆಳಗೆ ಮೇಯುತ್ತಿದ್ದ ನವಿಲುಗಳನ್ನು ತೋರಿಸಿದ್ದರೂ ಸಾಕಿತ್ತು: ಕೆಂಪುಪಟ್ಟಿಯ ಪ್ರಕಾರ ನವಿಲಿಗೆ ಸದ್ಯ ಆತಂಕವಿಲ್ಲ, ನಮ್ಮ ಕಾಯ್ದೆಯಲ್ಲಿ ಅದು ಒಂದನೇ ಅನುಸೂಚಿಯಲ್ಲೇ ಇದೆ. ಮಾರ್ಗದರ್ಶಿಗೆ ಇದು ಗೊತ್ತಿದೆ, ಕೈಪಿಡಿ ಬರೆದವರಿಗೆ ಗೊತ್ತಿಲ್ಲ. ಸಂಡೂರಿನ ಗಣಿಗಳು ವನ್ಯಜೀವಿಗಳ ನೆಲೆಗೆ ಮಾಡಿರುವುದೇನು ಎಂಬ ಪ್ರಶ್ನೆಗೆ ಮಾತ್ರ ಅವರೂ ಮಾತು ಬದಲಿಸಿದರು. ಅದಿರಿನ ಲಾರಿಗಳ ಧೂಳು ಕುಡಿದು ಬೆಳೆದ ಬಳ್ಳಾರಿಯವರಿಗೆ ಈ ಮೌನ ಸಾಲದು.

ಸಣ್ಣಪುಟ್ಟ ಸಂಗತಿಗಳು: ಗಾಡಿ ಸ್ವಚ್ಛವಾಗಿತ್ತು, ಚಾಲಕ ಧಾಮದೊಳಗೆ ಒಮ್ಮೆಯೂ ಹಾರನ್ ಒತ್ತಲಿಲ್ಲ, ಮಿರ್ಚಿ ತಣ್ಣಗಾಗಿತ್ತು. ದುರ್ಬೀನುಗಳಲ್ಲಿ ಕೆಲವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿದಿದೆ. ಗುಡ್ಡ ದೂರವಿರುವುದರಿಂದ ಸ್ವಂತದ್ದು ಇದ್ದವರು ಒಯ್ಯುವುದು ಮೇಲು. ಸಹಪ್ರಯಾಣಿಕರೊಬ್ಬರು "ಕರಡಿ ಕಾಣಲಿಲ್ಲ ಅಂದ್ರ ರೊಕ್ಕ ವಾಪಸ್ ಕೊಡ್ತೀರೇನು?" ಎಂದು ಕೇಳಿದಾಗ ಮಾರ್ಗದರ್ಶಿ, "ಕರಡಿ ನಮ್ಮ ಸಂಬಳದ ಆಳಲ್ರೀ, ಅದರ ಟೈಮಿಗೆ ಅದು ಬರ್ತೈತಿ" ಎಂದು ಉತ್ತರಿಸಿದರು. ಸಂಸ್ಥೆಯ ಜಾಹೀರಾತೂ ಇಷ್ಟೇ ನೇರವಾಗಿದ್ದರೆ ಚೆನ್ನಾಗಿತ್ತು. ಹೈಸ್ಕೂಲು ದಾಟಿದ ಮಕ್ಕಳಿರುವ ಮನೆಯವರು ಧಾರಾಳವಾಗಿ ಹೋಗಬಹುದು. ಸದ್ದಿಲ್ಲದೆ ಎರಡು ತಾಸು ಕೂರಲಾಗದ ಚಿಕ್ಕವರಿಗೆ ಕಮಲಾಪುರದ ಮೃಗಾಲಯವೇ ಸರಿ. ಕೈಪಿಡಿಯನ್ನು ಮರುಮುದ್ರಿಸುವವರೆಗೆ ಅದನ್ನು ಮಡಚಿಟ್ಟು, ಗೋಪುರದ ಮೇಲೆ ಮಾರ್ಗದರ್ಶಿಯ ಪಕ್ಕದಲ್ಲೇ ಜಾಗ ಹಿಡಿಯಿರಿ.