ಆರು ವರ್ಷ ಡಿಎಂಪಿ ಬಳಸಿದ ಮೇಲೆ: ಬಾಟಲಿ ಒಣಗಿದ್ದರೆ ಚಿಂತೆಯಿಲ್ಲ

ಡೆಸ್-ಮಾರ್ಟಿನ್ ಪೀರಿಯೋಡಿನೇನ್, ಆಲ್ಕೋಹಾಲನ್ನು ಆಕ್ಸಿಡೈಸ್ ಮಾಡುವ ಒಂದು ಅಯೋಡಿನ್ ಸಂಯುಕ್ತ, ನಮ್ಮ ಲ್ಯಾಬಿನಲ್ಲಿ ಬರೀ ಡಿಎಂಪಿ. ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡಬೇಕು, ಕೈಯಲ್ಲಿರುವುದೇ 50 ಮಿಲಿಗ್ರಾಂ ಅಂದಾಗ ನಾನು ಫ್ರಿಜ್‌ನಿಂದ ಮೊದಲು ತೆಗೆಯುವುದು ಇದನ್ನೇ.

ಮುಂಚೆ ಇದೇ ಕೆಲಸಕ್ಕೆ ಸ್ವರ್ನ್ ಎಂಬ ಆಕ್ಸಿಡೇಶನ್ ವಿಧಾನ ಬಳಸುತ್ತಿದ್ದೆ. ಮೈನಸ್ 78 ಡಿಗ್ರಿಯಲ್ಲಿ ಡ್ರೈ ಐಸ್ ಕಾಯುತ್ತಾ ನಿಲ್ಲಬೇಕು, ಆಮೇಲೆ ಡೈಮೀಥೈಲ್ ಸಲ್ಫೈಡ್‌ನ ಕೊಳೆತ ಕೋಸಿನ ವಾಸನೆ ಬಟ್ಟೆಗೆ ಹತ್ತಿ ಮನೆವರೆಗೂ ಬರುತ್ತಿತ್ತು. ಇನ್ನೊಂದು ದಾರಿ ಪಿಸಿಸಿ (ಪಿರಿಡಿನಿಯಂ ಕ್ಲೋರೋಕ್ರೋಮೇಟ್), ಅಂದರೆ ಕ್ರೋಮಿಯಂ, ಫ್ಲಾಸ್ಕಿನ ಕಪ್ಪು ಅಂಟು ಬಿಡಿಸುವುದೇ ಒಂದು ಕೆಲಸ, ಜೊತೆಗೆ ವಿಷ. ಡಿಎಂಪಿಯಲ್ಲಿ ಇವೆರಡೂ ಇಲ್ಲ. ಡಿಸಿಎಂ (ಡೈಕ್ಲೋರೋಮೀಥೇನ್) ದ್ರಾವಕದಲ್ಲಿ 1.2 ಈಕ್ವಿವಲೆಂಟ್, ಅಂದರೆ ಒಂದು ಮೋಲ್ ಆಲ್ಕೋಹಾಲಿಗೆ 1.2 ಮೋಲ್, ಹಾಕಿ ರೂಮ್ ಟೆಂಪರೇಚರಿನಲ್ಲಿ ಬಿಟ್ಟರೆ, ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಟಿಎಲ್‌ಸಿಯಲ್ಲಿ (ರಿಯಾಕ್ಷನ್ ಎಲ್ಲಿಗೆ ಬಂತೆಂದು ನೋಡುವ ತೆಳುಪದರ ಕ್ರೊಮ್ಯಾಟೋಗ್ರಫಿ) ಆಲ್ಕೋಹಾಲಿನ ಹಳೆಯ ಸ್ಪಾಟ್ ಇರುವುದಿಲ್ಲ. ಆಲ್ಡಿಹೈಡ್‌ನಲ್ಲೇ ನಿಲ್ಲುತ್ತದೆ, ಆಸಿಡ್‌ವರೆಗೆ ಓಡುವುದಿಲ್ಲ. ಅಸಿಟಿಕ್ ಆಸಿಡ್ ಹೊರಬರುತ್ತದೆ, ಹಾಗಾಗಿ ಮಾಲು ನಾಜೂಕಾಗಿದ್ದರೆ ಮೊದಲೇ ಸೋಡಿಯಂ ಬೈಕಾರ್ಬೊನೇಟ್ ಹಾಕಿಕೊಳ್ಳಿ. ಕೊನೆಗೆ ಬೈಕಾರ್ಬೊನೇಟ್ ಮತ್ತು ಥಯೋಸಲ್ಫೇಟ್ ದ್ರಾವಣದಲ್ಲಿ ಚೆನ್ನಾಗಿ ಕಲಕಿದರೆ ತೊಳೆಯುವ ಕೆಲಸ ಮುಗಿಯಿತು.

ದೂರು ಒಂದೇ, ತೇವ. ಒಂದು ಮಳೆಗಾಲದಲ್ಲಿ ಬಂದ ಬಾಟಲಿಯ ಮುಚ್ಚಳ ಸಡಿಲವಾಗಿತ್ತು, ನಾನು ನೋಡದೆ ಬಳಸಿದೆ. ಹನ್ನೊಂದು ಹಂತ ದಾಟಿ ಮಾಡಿದ ಆಲ್ಕೋಹಾಲ್ ಹಾಗೇ ಉಳಿಯಿತು, ಫ್ಲಾಸ್ಕಿನ ತಳದಲ್ಲಿ ಕರಗದ ಬಿಳಿ ಪುಡಿ. ಅದು ಐಬಿಎಕ್ಸ್ (2-ಅಯೋಡಾಕ್ಸಿಬೆಂಜೋಯಿಕ್ ಆಸಿಡ್). ನೀರು ತಾಗಿ ಡಿಎಂಪಿ ಕೆಟ್ಟರೆ ಕೊನೆಗೆ ಆಗುವುದು ಅದೇ, ಡಿಸಿಎಂನಲ್ಲಿ ಅದು ಕರಗುವುದಿಲ್ಲ. ಆ ದಿನದ ಸಂಕಟ ಇನ್ನೂ ಮರೆತಿಲ್ಲ. ಈಗ ಹೊಸ ಬಾಟಲಿ ಬಂದರೆ ಮಾಲು ಶುದ್ಧವಾಗಿದೆಯೇ ಎಂದು ನೋಡಲು ಮೊದಲು ಒಂದು ಎನ್‌ಎಂಆರ್ ಸ್ಪೆಕ್ಟ್ರಮ್ ತೆಗೆಯುತ್ತೇನೆ. ಫ್ರಿಜ್‌ನಿಂದ ತೆಗೆದ ತಕ್ಷಣ ಮುಚ್ಚಳ ಬಿಚ್ಚುವುದಿಲ್ಲ, ಬಾಟಲಿ ರೂಮಿನ ಬಿಸಿಗೆ ಬರಲಿ ಅಂತ ಕಾಯುತ್ತೇನೆ.

ಆದರೆ ಇಲ್ಲೊಂದು ಸೋಜಿಗ ಇದೆ. 1994ರಲ್ಲಿ ಮೇಯರ್ ಮತ್ತು ಶ್ರೈಬರ್ ತೋರಿಸಿದಂತೆ, ರಿಯಾಕ್ಷನ್ನಿಗೆ ಸುಮಾರು ಒಂದು ಈಕ್ವಿವಲೆಂಟ್ ನೀರು ಸೇರಿಸಿದರೆ ಅದು ಜೋರಾಗುತ್ತದೆ! ಡಿಎಂಪಿಯ ಅಯೋಡಿನ್‌ಗೆ ಅಂಟಿದ ಅಸಿಟೇಟ್ ಗುಂಪಿನ ಜಾಗಕ್ಕೆ ನೀರಿನ ಆಕ್ಸಿಜನ್ ಬಂದು ಕೂರುತ್ತದೆ, ಆ ರೂಪ ಇನ್ನೂ ಚುರುಕು. ಅರ್ಧಕ್ಕೆ ನಿಂತ ಎಷ್ಟೋ ರಿಯಾಕ್ಷನ್‌ಗಳನ್ನು ನಾನು ತೇವದ ಡಿಸಿಎಂ ಹನಿಹನಿಯಾಗಿ ಹಾಕಿ ಮುಗಿಸಿದ್ದೇನೆ. ಕಪಾಟಿನಲ್ಲಿ ನೀರು ಬೇಡ, ಫ್ಲಾಸ್ಕಿನಲ್ಲಿ ಅಳತೆ ಮಾಡಿ ಬೇಕು, ಅಷ್ಟೇ.

ಲ್ಯಾಬಿನಲ್ಲೇ ತಯಾರಿಸಲೂಬಹುದು: 2-ಅಯೋಡೋಬೆಂಜೋಯಿಕ್ ಆಸಿಡ್‌ಗೆ ಆಕ್ಸೋನ್ ಎಂಬ ಆಕ್ಸಿಡೈಸ್ ಮಾಡುವ ಲವಣ, ಆಮೇಲೆ ಅಸಿಟಿಕ್ ಅನ್‌ಹೈಡ್ರೈಡ್. ಆದರೆ ನಡುವೆ ಸಿಗುವ ಐಬಿಎಕ್ಸ್ ಪೆಟ್ಟು ಬಿದ್ದರೆ ಅಥವಾ ಜಾಸ್ತಿ ಬಿಸಿಯಾದರೆ ಸಿಡಿಯಬಹುದು, ಹೊಸಬರು ಸುಮ್ನೆ ಕೈ ಹಾಕಬೇಡಿ. ದೊಡ್ಡ ಸ್ಕೇಲಿಗೂ ನಾನು ಇದನ್ನು ಹೇಳುವುದಿಲ್ಲ. ಒಂದು ಮೋಲ್‌ಗೆ 424 ಗ್ರಾಂ ತೂಕ, ಬೆಲೆಯೂ ಜಾಸ್ತಿ. ಕೊಳ್ಳುವವರು 5 ಗ್ರಾಂ ಬಾಟಲಿಗಳನ್ನೇ ತರಿಸಿ, ದೊಡ್ಡ ಬಾಟಲಿಯನ್ನು ಮತ್ತೆ ಮತ್ತೆ ತೆರೆಯುವುದಕ್ಕಿಂತ ಅದೇ ಅಗ್ಗ.