ಡೀಸೆಲ್ ಪಿಕಪ್‌ಗೆ ದೊಡ್ಡ ಗೇರ್ ಆಯಿಲ್ ಕೂಲರ್, ಕೋಲಾರದಲ್ಲಿ ಹಾಕ್ಸಿದ್ದು, 6 ತಿಂಗಳಾದ್ಮೇಲೆ ಬರೀತಿದೀನಿ

ನಮ್ದು ಶ್ರೀನಿವಾಸಪುರ ಕಡೆ, ಮಾವಿನ ತೋಟ. ಗಾಡಿ ಆಟೋಮ್ಯಾಟಿಕ್ ಡೀಸೆಲ್ ಪಿಕಪ್ಪು, 90 ಸಾವಿರ ಕಿಲೋಮೀಟರ್ ಓಡಿದೆ, ವಾರಂಟಿ ಮುಗಿದೋಗಿದೆ. ವಾರಂಟಿ ಇರೋರು ಇದನ್ನ, ಅಂದ್ರೆ ಗೇರ್ ಬಾಕ್ಸಿನ ಆಯಿಲ್ ತಣ್ಣಗೆ ಮಾಡೋ ಕೂಲರ್ನ, ಹಾಕ್ಸೋಕೆ ಮುಂಚೆ ಒಂದ್ಸಲ ಯೋಚ್ನೆ ಮಾಡಿ, ಹೊರಗಡೆ ಕೈ ಹಾಕ್ಸಿದ್ರೆ ಆಮೇಲೆ ಕ್ಲೈಮು ಕೊಡಲ್ಲ ಅನ್ನೋ ಸಾಧ್ಯತೆ ಇರುತ್ತೆ.

ಹೋದ ವರ್ಷ ಮೇ ತಿಂಗಳಲ್ಲಿ ಚಿತ್ತೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಸ್ಪ್ರೇಯರ್ ಸೆಟ್ಟು, ಮೋಟ್ರು, ಪೈಪು ಎಲ್ಲಾ ಹಿಂದೆ ಹಾಕ್ಕೊಂಡು ಮೊಗಿಲಿ ಘಾಟ್ ಹತ್ತಿ ಪಲಮನೇರು ಕಡೆ ವಾಪಸ್ ಬರ್ತಿದ್ವಿ. ಮಧ್ಯಾಹ್ನ ಎರಡು ಗಂಟೆ, ಆ ಕಡೆ ಮೇ ಬಿಸಿಲು ಅಂದ್ರೆ 40 ಡಿಗ್ರಿ ಮೇಲೇ, ಮುಂದೆ ಲಾರಿಗಳು ಸಾಲಾಗಿ ಇರುವೆ ತರ ಹತ್ತುತಿದ್ವು, ಓವರ್‌ಟೇಕ್ ಮಾಡೋಕೂ ಜಾಗ ಇಲ್ಲ, ಹಂಗೇ ತೆವಳ್ಕೊಂಡು ಬರ್ತಿರ್ಬೇಕಾದ್ರೆ ಗೇರ್ ಆಯಿಲ್ ಬಿಸಿ ಲೈಟು ಹತ್ಕೊಂಡ್ಬಿಡ್ತು. ಇಂಜಿನ್ ಟೆಂಪರೇಚರ್ ಮುಳ್ಳು ಮಾತ್ರ ನಡುಮಧ್ಯ ಆರಾಮಾಗಿ ನಿಂತಿತ್ತು. ಸೈಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡ್ತಾ ಇರ್ಲಿ ಅಂತ ಬಿಟ್ಟು, ಮುಕ್ಕಾಲು ಗಂಟೆ ಮರದ ಕೆಳಗೆ ಕೂತಿದ್ವಿ, ಅಪ್ಪಾವ್ರು ಜೊತೆಗಿದ್ರು, ಅವರಿಗೆ ಬಿಪಿ ಬೇರೆ. ಅವತ್ತಿನ ಭಯ ನಂಗೆ ಇನ್ನೂ ಹೋಗಿಲ್ಲ.

ಶೋರೂಮ್ ಸರ್ವೀಸಲ್ಲಿ ಕೇಳಿದ್ರೆ ಸ್ಕ್ಯಾನ್ ಮಾಡಿ ಏನೂ ಎರರ್ ಇಲ್ಲ ಅಂತ ಕಳಿಸ್ಬಿಟ್ರು. ನಮಗೆ ಅರ್ಥ ಮಾಡ್ಸಿದ್ದು ಕೋಲಾರದ ಒಬ್ಬ ಮೆಕ್ಯಾನಿಕ್ಕು, ಬಂಗಾರಪೇಟೆ ರೋಡಲ್ಲಿ ಸಣ್ಣ ಗ್ಯಾರೇಜು, ಎಲ್ರೂ ಭಾಯ್ ಅಂತ್ಲೇ ಕರೀತಾರೆ. ಅವ್ರು ಹೇಳಿದ್ದು ಇಷ್ಟು. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪ್ಲೇಟ್ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತೆ, ಅದ್ರೊಳಗೆ ಶಕ್ತಿ ದಾಟೋದೇ ಆಯಿಲ್ ಮೂಲಕ. ಹೈವೇಲಿ ಸ್ಪೀಡಲ್ಲಿ ಹೋಗ್ಬೇಕಾದ್ರೆ ಒಳಗಡೆ ಎರಡು ಕಡೆನೂ ನೇರ ಸೇರ್ಕೊಂಡು ಲಾಕ್ ಆಗ್ಬಿಡುತ್ತೆ, ಬಿಸಿ ಕಮ್ಮಿ. ಘಾಟಲ್ಲಿ ಲೋಡ್ ಇಟ್ಕೊಂಡು ನಿಧಾನಕ್ಕೆ ಹತ್ತುವಾಗ ಲಾಕ್ ಆಗಲ್ಲ, ಆಯಿಲ್ ಸುಮ್ನೆ ಕಡೆದು ಕಡೆದು ಕಾಯುತ್ತೆ. ಕಂಪನಿ ಕೊಟ್ಟಿರೋ ಕೂಲರ್ ನಮ್ ಗಾಡೀಲಿ ರೇಡಿಯೇಟರ್ ಟ್ಯಾಂಕ್ ಒಳಗಡೆನೇ ಇದೆ, ಆ ನೀರೇ 90 ಡಿಗ್ರಿ ಬಿಸಿ ಇದ್ರೆ ಆಯಿಲ್ ಅದಕ್ಕಿಂತ ಕೆಳಗೆ ಹೆಂಗೆ ಇಳಿಯುತ್ತೆ ಹೇಳಿ.

ಅಮೆರಿಕದಲ್ಲಿ ಇದು ಹಳೇ ವಿಷ್ಯ. ಫೋರ್ಡ್ 7.3 ಲೀಟರ್ ಡೀಸೆಲ್ ಪಿಕಪ್ ಇಟ್ಕೊಂಡಿರೋರು ಆಮೇಲೆ ಬಂದ 6.0 ಲೀಟರ್ ಗಾಡಿಯ ದೊಡ್ಡ ಕೂಲರ್ ತಂದು ಹಾಕ್ಕೊಳ್ತಾರೆ, ಟ್ರೈಲರ್ ಎಳೆಯೋಕೆ. ನಮ್ ಗಾಡಿಗೆ ಅಷ್ಟು ದೊಡ್ಡದು ಬೇಕಾಗಿಲ್ಲ, ಜಾಗನೂ ಇಲ್ಲ.

ನಾನು ಬೆಂಗ್ಳೂರು ಜೆ.ಸಿ. ರೋಡಲ್ಲಿ ಹುಡ್ಕಿ ತಂದಿದ್ದು ಪ್ಲೇಟ್ ಮೇಲೆ ಪ್ಲೇಟ್ ಜೋಡ್ಸಿರೋ ಟೈಪಿನ ಕೂಲರ್ರು. ಉದ್ದಕ್ಕೆ ಒಂದೇ ಪೈಪ್ ಸುತ್ತಿ ಫಿನ್ (ತೆಳು ತಗಡಿನ ಪಟ್ಟಿ) ಹಾಕಿರೋದು ಅಗ್ಗಕ್ಕೆ ಸಿಗುತ್ತೆ, ಆದ್ರೆ ಅದೇ ಸೈಜಿಗೆ ಪ್ಲೇಟಿಂದು ಜಾಸ್ತಿ ಬಿಸಿ ಎಳೆಯುತ್ತೆ. ಕೂಲರ್, ಬ್ರಾಕೆಟ್, ಫಿಟಿಂಗ್ಸ್ ಸೇರಿ 11,500 ಆಯ್ತು. ಅಂಗಡಿಯವನು ಜೊತೆಗೆ ಕೊಟ್ಟ ಹೋಸ್ ನೋಡಿದ ತಕ್ಷಣ ಭಾಯ್ ಪಕ್ಕಕ್ಕೆ ಬಿಸಾಕಿದ್ರು. "ಅಣ್ಣಾ ಇದು ಪೆಟ್ರೋಲ್ ಹೋಸು, ಈ ಬಿಸಿಗೆ ವರ್ಷದೊಳಗೆ ಗಟ್ಟಿಯಾಗಿ ಬಿರುಕು ಬಿಡುತ್ತೆ, ಘಾಟಲ್ಲಿ ಕಿತ್ಕೊಂಡ್ರೆ ಎರಡು ನಿಮಿಷಕ್ಕೆ ಆಯಿಲ್ ಖಾಲಿ, ಗೇರ್ ಬಾಕ್ಸೂ ಖಾಲಿ" ಅಂದ್ರು. ಅವ್ರೇ ಟ್ರಾನ್ಸ್‌ಮಿಷನ್ ಆಯಿಲ್‌ಗೆ ಅಂತ ಇರೋ ಹೋಸ್ ತರ್ಸಿದ್ರು, ಅದಕ್ಕೆ ಬೇರೆ 1,800. ಆ ದುಡ್ಡು ಕೊಡೋಕೆ ನಂಗೆ ಒಂಚೂರೂ ಬೇಜಾರಾಗ್ಲಿಲ್ಲ.

ಕೆಲ್ಸ ಹೆಂಗ್ ಮಾಡಿದ್ರು ಅನ್ನೋದು ಹೇಳ್ಲೇಬೇಕು, ಯಾಕಂದ್ರೆ ನಾನು ಈ ರಿವ್ಯೂ ಬರೀತಿರೋದೇ ಅದಕ್ಕೆ. ಬಂಪರ್, ಗ್ರಿಲ್ ಬಿಚ್ಚಿ ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಗೆ ಬಿಡೋ ಜಾಲರಿ) ಮುಂದೆ ಒಂದು ಬೆರಳು ಗ್ಯಾಪ್ ಬಿಟ್ಟು ಬ್ರಾಕೆಟ್ ಮೇಲೆ ಕೂರ್ಸಿದ್ರು. ಕೆಲವ್ರು ಪ್ಲಾಸ್ಟಿಕ್ ಟೈ ಅನ್ನ ಕಂಡೆನ್ಸರ್ ಫಿನ್ ಮಧ್ಯೆ ತೂರಿಸಿ ಕಟ್ತಾರೆ, ಗಾಡಿ ಅಲ್ಲಾಡಿ ಅಲ್ಲಾಡಿ ಉಜ್ಜಿ ತೂತಾಗುತ್ತೆ ಅಂತೆ, ಇವ್ರು ಅದಕ್ಕೆ ಒಪ್ಲೇ ಇಲ್ಲ. ಎರಡು ಪೈಪಲ್ಲಿ ಯಾವ್ದು ಗೇರ್ ಬಾಕ್ಸಿಗೆ ವಾಪಸ್ ಹೋಗೋದು ಅಂತ ಅಂದಾಜಲ್ಲಿ ಹೇಳ್ಲಿಲ್ಲ, ಬಿಚ್ಚಿ ಬಾಟ್ಲಿ ಹಿಡಿದು ಒಂದೇ ಸೆಕೆಂಡ್ ಸ್ಟಾರ್ಟ್ ಮಾಡಿ ಆಯಿಲ್ ಎಲ್ಲಿಂದ ಬರುತ್ತೆ ನೋಡಿದ್ರು. ಹಳೇ ಕೂಲರ್ ತೆಗೀಲಿಲ್ಲ, ಮೊದ್ಲು ರೇಡಿಯೇಟರ್ ಒಳಗೆ ಹೋಗಿ, ಆಮೇಲೆ ಹೊಸದಕ್ಕೆ ಬಂದು, ಅಲ್ಲಿಂದ ಗೇರ್ ಬಾಕ್ಸಿಗೆ ಹೋಗೋ ತರ ಮಾಡಿದ್ರು. ಹಂಗಿದ್ರೆ ಬೆಳಗ್ಗೆ ಚಳೀಲಿ ಆಯಿಲ್ ಬೇಗ ಬೆಚ್ಚಗೂ ಆಗುತ್ತೆ. ರೇಡಿಯೇಟರ್ ನೀರೂ ತೆಗೆದು ನೋಡಿದ್ರು, ಒಳಗಿನ ಕೂಲರ್ ಒಡೆದಿದ್ರೆ ನೀರು ಆಯಿಲ್ ಬೆರ್ತು ರೋಸ್ ಮಿಲ್ಕ್ ಬಣ್ಣ ಬರುತ್ತೆ, ಅಂಥ ಗಾಡಿಗೆ ಹೊಸ ಕೂಲರ್ ಹಾಕಿ ಪ್ರಯೋಜ್ನ ಇಲ್ಲ. ನಮ್ದು ಕ್ಲೀನಾಗಿತ್ತು.

ಇನ್ನು ಆಯಿಲ್ ಲೆವೆಲ್ಲು. ನಮ್ ಗೇರ್ ಬಾಕ್ಸಿಗೆ ಆಯಿಲ್ ಅಳೆಯೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್ ಇಲ್ಲ, ಕೆಳಗಡೆ ಓವರ್‌ಫ್ಲೋ ಪ್ಲಗ್ ಇದೆ, ಲೆವೆಲ್ಲಿಗಿಂತ ಜಾಸ್ತಿ ಇರೋ ಆಯಿಲ್ ಅದ್ರಿಂದ ಹೊರಗೆ ಬರುತ್ತೆ. ಹೊಸ ಕೂಲರು ಹೋಸು ತುಂಬೋಕೆ ಆಯಿಲ್ ಜಾಸ್ತಿ ಬೇಕು, ಎಷ್ಟು ಅಂತ ಕಣ್ಣಳತೇಲಿ ಹಾಕೋಕಾಗಲ್ಲ. ಗಾಡಿ ಸಮವಾಗಿ ನಿಲ್ಸಿ, ಇಂಜಿನ್ ಓಡ್ತಿರ್ಬೇಕಾದ್ರೆ ಎಲ್ಲಾ ಗೇರಿಗೂ ಒಂದೊಂದ್ಸಲ ಹಾಕಿ ಪಾರ್ಕಿಗೆ ತಂದು, ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಟೆಂಪರೇಚರ್ ಬರೋವರ್ಗೂ ಸ್ಕ್ಯಾನರ್ ಹಿಡ್ಕೊಂಡು ಕಾದು, ಆಗ ಪ್ಲಗ್ ಬಿಚ್ಚಿ, ಆಯಿಲ್ ಸಣ್ಣ ಧಾರೆ ನಿಂತು ತೊಟ್ಟು ತೊಟ್ಟಾಗಿ ಬೀಳೋಕೆ ಶುರುವಾದ ಕೂಡ್ಲೇ ಟೈಟ್ ಮಾಡಿದ್ರು. ತಣ್ಣಗಿದ್ದಾಗ ಲೆವೆಲ್ ನೋಡಿದ್ರೆ ಆಯಿಲ್ ಜಾಸ್ತಿ ಆಗ್ಬಿಡುತ್ತೆ, ತುಂಬಾ ಬಿಸಿ ಇದ್ದಾಗ ನೋಡಿದ್ರೆ ಕಮ್ಮಿ ಆಗುತ್ತೆ. ಇದೊಂದಕ್ಕೇ ಒಂದು ಗಂಟೆ ಮೇಲಾಯ್ತು. ಹುಡುಗನ ಕೈಗೆ ಬಿಡ್ದೇ ತಾವೇ ಗಾಡಿ ಕೆಳಗೆ ಮಲಗಿದ್ರು. ಲೇಬರ್ 3,500 ತಗೊಂಡ್ರು, ಆಯಿಲ್ ಬೇರೆ.

ಫೆಬ್ರವರಿಲಿ ಹಾಕ್ಸಿದ್ದು. ಮಾರನೇ ದಿನ ಒಂದು ಕ್ಲಾಂಪ್ ಹತ್ರ ತೊಟ್ಟು ಕಾಣಿಸ್ತು. ಫೋನ್ ಮಾಡಿದ್ರೆ ಓಡಿಸ್ಬೇಡಿ ಅಂತ ಹೇಳಿ, ಕೋಲಾರದಿಂದ ನಮ್ ತೋಟಕ್ಕೇ ಬೈಕಲ್ಲಿ ಬಂದು ಕ್ಲಾಂಪ್ ಬದ್ಲಾಯ್ಸಿ ಹೋದ್ರು, ದುಡ್ಡು ಮುಟ್ಲಿಲ್ಲ. ತೊಟ್ಟು ಬಂದಿದ್ದು ತಪ್ಪೇ, ಆದ್ರೆ ಹಿಂಗೆ ಬಂದು ಸರಿ ಮಾಡೋರು ಎಷ್ಟು ಜನ ಇದ್ದಾರೆ.

ರಿಸಲ್ಟಿಗೆ ಬಂದ್ರೆ, ಹಾಕ್ಸೋ ಮುಂಚೆ ಹಿಂದೆ 6 ಮೂಟೆ ಬೇವಿನ ಹಿಂಡಿ ಹಾಕ್ಕೊಂಡು ತೇರಹಳ್ಳಿ ಬೆಟ್ಟ ಹತ್ತಿ ನೋಡಿದ್ದೆ, ಮೊಬೈಲ್‌ಗೆ ಕನೆಕ್ಟ್ ಆಗೋ ಸಣ್ಣ ಸ್ಕ್ಯಾನರಲ್ಲಿ ಗೇರ್ ಆಯಿಲ್ 109 ಡಿಗ್ರಿ ತೋರ್ಸಿತ್ತು. ಹಾಕ್ಸಿದ್ಮೇಲೆ ಅದೇ 6 ಮೂಟೆ, ಅದೇ ರೋಡು, 88. ಈ ಮೇ ತಿಂಗಳಲ್ಲಿ ಕಾಣಿಪಾಕಂಗೆ ಹೋಗಿ ಮತ್ತೆ ಮೊಗಿಲಿ ಘಾಟಲ್ಲೇ ಬಂದ್ವಿ, ಅದೇ ಲಾರಿ ಸಾಲು, ಎಸಿ ಆನ್, 94 ದಾಟ್ಲಿಲ್ಲ. ಹೋದ ಸಲದಷ್ಟು ಲೋಡ್ ಇರ್ಲಿಲ್ಲ, ಅದನ್ನೂ ಹೇಳ್ಬೇಕು. ಅಪ್ಪಾವ್ರು ಪಲಮನೇರು ಬರೋವರ್ಗೂ ನನ್ ಮೊಬೈಲ್ ಕೈಲಿ ಹಿಡ್ಕೊಂಡು ನಂಬರ್ ಓದ್ತಾನೇ ಇದ್ರು.

ಕಷ್ಟ ಅಂದ್ರೆ ಒಂದೇ. ಕೂಲರ್ ಮುಂದೆ ಇರೋದ್ರಿಂದ ತೋಟದ ಕೆಂಪು ಧೂಳು, ಹುಳ ಎಲ್ಲಾ ಫಿನ್ ಒಳಗೆ ಕೂರುತ್ತೆ. ತಿಂಗಳಿಗೊಂದ್ಸಲ ಮೆಲ್ಲಗೆ ನೀರು ಬಿಟ್ಟು ತೊಳೀಬೇಕು, ವಾಟರ್ ಸರ್ವೀಸಲ್ಲಿ ಜೋರು ಪ್ರೆಶರ್ ಹತ್ರದಿಂದ ಹೊಡೆದ್ರೆ ಫಿನ್ ಮಡಚ್ಕೊಂಡ್ಬಿಡುತ್ತೆ, ಮುಂಚೇನೇ ಹೇಳಿ.

ಗ್ಯಾರೇಜಿಗೆ ಹೋಗೋರು ಬೆಳಗ್ಗೇನೇ ಹೋಗಿ, ಇಡೀ ದಿನ ಬೇಕು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರ್ತಾರೆ, ಮೂರು ಗಂಟೆ ಮೇಲೆ ತೆಗೀತಾರೆ. ಬೇಗ ಮಾಡಿ ಅಂತ ಮಾತ್ರ ತಲೆ ಮೇಲೆ ನಿಂತ್ಕೋಬೇಡಿ, ಆಯಿಲ್ ಆ ಟೆಂಪರೇಚರಿಗೆ ಬರೋವರ್ಗೂ ಅವ್ರು ಪ್ಲಗ್ ಮುಟ್ಟಲ್ಲ.