ಹೆಬ್ಬೆರಳಿಗೆ ಕಟ್ಟುವ ರಾತ್ರಿ ಪಟ್ಟಿ: ಎರಡು ಮಳೆಗಾಲ ಕಳೆದ ಮೇಲೆ

ಪಟ್ಟಿ ತರಿಸಿದ್ದು ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ. 649 ರೂಪಾಯಿ. ಜೊತೆಗೆ ಬೆರಳ ಸಂದಿಗೆ ಇಟ್ಟುಕೊಳ್ಳುವ ಜೆಲ್ ತುಂಡು ನಾಲ್ಕು. ಡಬ್ಬದ ಮೇಲೆ ‘90 ದಿನದಲ್ಲಿ ಬೆರಳು ನೇರ’ ಅಂತ ಅಚ್ಚು ಹಾಕಿದ್ದರು. ನೇರ ಆಗಲಿಲ್ಲ. ಆದರೂ ಬಿಸಾಡಿಲ್ಲ.

ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಮ್ ಬೂಟ್ ಹಾಕದೆ ಅಂಗಳ ದಾಟುವಂತಿಲ್ಲ, ಜಿಗಣೆ. ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲುತ್ತಾ ಬಂದು, ಬುಡದಲ್ಲಿ ಗಂಟು ಎದ್ದು, ಏರು ಇಳಿಯುವಾಗ ಕಣ್ಣಲ್ಲಿ ನೀರು ಬರುವಷ್ಟು ಆದಾಗ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ‘ಬನಿಯನ್’ ಅಂದ ಕೂಡಲೇ ನಮ್ಮನೆಯವರು ತಮ್ಮ ಅಂಗಿಯ ಕಾಲರ್ ಸರಿ ಮಾಡಿಕೊಂಡರು. ಪುಸ್ತಕದ ಹೆಸರು ಹಾಲಕ್ಸ್ ವ್ಯಾಲ್ಗಸ್ ಅಂತೆ.

ನಿಲ್ಲಿಸಿಯೇ ಎಕ್ಸ್‌ರೇ ತೆಗೆದರು, ಮೈಭಾರ ಬಿದ್ದಾಗಲೇ ವಾಲಿದ್ದು ಸರಿಯಾಗಿ ಕಾಣುವುದು. ನನ್ನ ಕೋನ 26 ಡಿಗ್ರಿ. 15ರೊಳಗೆ ಇದ್ದರೆ ಸಹಜ, 20 ದಾಟಿದರೆ ಮಧ್ಯಮ, 40 ದಾಟಿದರೆ ಜೋರು. ಗಂಟು ಅಂದರೆ ಮೂಳೆ ಹೊಸದಾಗಿ ಬೆಳೆದದ್ದು ಅಂದುಕೊಂಡಿದ್ದೆ. ಅಲ್ಲ. ಪಾದದ ಉದ್ದ ಮೂಳೆಯ ತಲೆ ಒಳಮಗ್ಗುಲಿಗೆ ಸರಿದು ಚಾಚಿಕೊಂಡಿರುವುದು.

ಪಾದದ ಮೇಲ್ಭಾಗವೂ ನೋಯುತ್ತಿದ್ದರಿಂದ ಸ್ಕ್ಯಾನ್ ಮಾಡಿಸಿದರು. ಪರದೆಯಲ್ಲಿ ಹೆಬ್ಬೆರಳಿಗೆ ಹೋಗುವ ದಾರ ಎರಡು ಕಂಡವು. ‘ನರ ಎರಡಿದೆಯಲ್ಲ’ ಅಂದೆ. ‘ನರ ಅಲ್ಲಮ್ಮ, ಸ್ನಾಯುರಜ್ಜು’ ಅಂದರು. ದಪ್ಪನೆಯದು ಎಕ್ಸ್‌ಟೆನ್ಸರ್ ಹ್ಯಾಲುಸಿಸ್ ಲಾಂಗಸ್, ಬೆರಳ ತುದಿಯ ಮೂಳೆಗೆ ಹೋಗಿ ಅಂಟಿ ಬೆರಳನ್ನು ಮೇಲೆತ್ತುತ್ತದೆ. ಅದರ ಒಳಮಗ್ಗುಲಿನ ಸಣ್ಣದು ಬುಡದ ಕೀಲಿನ ಚೀಲಕ್ಕೇ ಬಂದು ನಿಲ್ಲುತ್ತದೆ. ಈ ಹೆಚ್ಚುವರಿ ಎಳೆ ಬಹಳ ಜನರ ಪಾದದಲ್ಲಿ ಇರುತ್ತದಂತೆ, ರೋಗವಲ್ಲ. ‘ಹಾಗಾದರೆ ಇದರಿಂದಲೇ ಬೆರಳು ಸೊಟ್ಟಗಾಯಿತಾ?’ ಅಂತ ಕೇಳಿದ್ದಕ್ಕೆ, ಹಾಗೆ ಹೇಳಲು ಬರುವುದಿಲ್ಲ ಅಂದರು. ಆಮೇಲೆ ನಾನೇ ಯೋಚಿಸಿದೆ: ನನ್ನ ಅಜ್ಜಿ ಜೀವಮಾನದಲ್ಲಿ ಬೂಟು ಹಾಕಿದವರಲ್ಲ, ಅವರ ಪಾದವೂ ಹೀಗೇ ಇತ್ತು. ಅಮ್ಮನದೂ ಅಷ್ಟೆ. ಬೂಟೊಂದನ್ನೇ ಬೈದು ಪ್ರಯೋಜನವಿಲ್ಲ.

ಡಾಕ್ಟರು ವಿವರಿಸಿದ್ದು ಕೇಳಿದಾಗ ನನಗೆ ನಮ್ಮ ಬೇಲಿ ನೆನಪಾಯಿತು. ಮೂಲೆಯ ಗೂಟ ಒಂದು ಸಲ ವಾಲಿದರೆ ಸಾಕು, ಬಿಗಿದ ತಂತಿಯೇ ಅದನ್ನು ಇನ್ನಷ್ಟು ವಾಲಿಸುತ್ತದೆ. ಮೂಳೆ ಸರಿದ ಮೇಲೆ ಬೆರಳಿನ ಮೇಲಿನ, ಕೆಳಗಿನ ರಜ್ಜುಗಳೂ ಹೊರಮಗ್ಗುಲಿಗೆ ಬಂದು ಅತ್ತ ಕಡೆಗೇ ಎಳೆಯತೊಡಗುತ್ತವೆ. ರಾತ್ರಿ ಎಂಟು ಗಂಟೆ ಕಾಲ ಪಟ್ಟಿ ಬಿಗಿದು, ಹಗಲಿಡೀ ಆ ತಂತಿಗೆ ಬಿಟ್ಟುಕೊಟ್ಟರೆ ಗೂಟ ನೆಟ್ಟಗೆ ನಿಂತೀತೇ?

ಈಗ ಪಟ್ಟಿಯ ವಿಷಯ. ಪ್ಲಾಸ್ಟಿಕ್ ಕೀಲು, ಎರಡು ವೆಲ್ಕ್ರೋ ಪಟ್ಟಿ. ಮೊದಲ ವಾರ ಅರ್ಧ ಗಂಟೆಗೇ ಬೆರಳು ಜುಮ್ಮೆನ್ನುತ್ತಿತ್ತು, ಸಡಿಲ ಮಾಡಿಕೊಂಡು ನಿಧಾನವಾಗಿ ರಾತ್ರಿಯಿಡೀ ಕಟ್ಟುವಂತಾದೆ. (ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟುವವರು ದಯವಿಟ್ಟು ಕೇಳದೆ ಕಟ್ಟಬೇಡಿ, ಹುಣ್ಣಾದರೂ ಗೊತ್ತಾಗುವುದಿಲ್ಲ.) ಬೆಳಿಗ್ಗೆ ಎದ್ದು ಬಿಚ್ಚಿದರೆ ಬೆರಳು ಚೆಂದಕ್ಕೆ ನೇರ. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮತ್ತೆ ಅದೇ ವಾಲು. ಆದರೆ ಬೆಳಗಿನ ಆ ಚುಚ್ಚು ನೋವು ಮಾತ್ರ ಎರಡನೇ ತಿಂಗಳಿಂದ ಕಡಿಮೆಯಾಯಿತು, ಇದನ್ನು ಇಲ್ಲ ಅನ್ನಲಾರೆ.

ಜುಲೈ ಬಂತು ನೋಡಿ, ಪಟ್ಟಿಯ ಅಸಲಿ ಬಣ್ಣ ಬಯಲಾಯಿತು. ಒಗೆದರೆ ನಾಲ್ಕು ದಿನ ಒಣಗದು. ಬಟ್ಟೆಯ ಮೇಲೆ ಬೂಷ್ಟು, ಕರಿ ಚುಕ್ಕೆ. ವೆಲ್ಕ್ರೋ ತುಂಬ ರಗ್ಗಿನ ಎಳೆ, ನಾಯಿ ಕೂದಲು. ಸೇಫ್ಟಿ ಪಿನ್ನಿನಿಂದ ಒಂದೊಂದೇ ಎಳೆ ಕಿತ್ತರೆ ಹದಿನೈದು ದಿನ ಹಿಡಿಯುತ್ತದೆ, ಆಮೇಲೆ ನಡುರಾತ್ರಿ ‘ಪರ್’ ಅಂತ ಬಿಚ್ಚಿಕೊಳ್ಳುತ್ತದೆ. ಒಲೆಯ ಮೇಲೆ ನೇತುಹಾಕಿ ಒಣಗಿಸಿದ್ದಕ್ಕೆ, ಹೊಗೆಗೆ ಕಟ್ಟಿದ ಹಂದಿಮಾಂಸ ಪಕ್ಕದಲ್ಲಿ ಮಲಗಿದ ಹಾಗಿದೆ ಅಂತ ಮನೆಯವರ ತಕರಾರು. ಮಾರಿದವರಿಗೆ ಫೋನ್ ಮಾಡಿದರೆ ‘ನೀವು ಕಟ್ಟುವ ಕ್ರಮ ಸರಿಯಿಲ್ಲ ಮೇಡಂ’ ಅಂದರು.

ಜೆಲ್ ತುಂಡು ಹಗಲಿಗೆ ಒಳ್ಳೆಯದು, ಬೆರಳು ಬೆರಳಿಗೆ ಉಜ್ಜುವುದು ನಿಂತಿತು. ಅಂಟಂಟಾದಾಗ ತೊಳೆದು ಪೌಡರ್ ಹಾಕಬೇಕು.

ನಿಜವಾಗಿ ಕಾಲು ಉಳಿಸಿದ್ದು ಬೇರೆ. ನ್ಯೂಸ್ ಪೇಪರಿನ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆದು, ಹಳೆಯ ಗಮ್ ಬೂಟಿನ ಅಟ್ಟೆಯನ್ನು ಅದರ ಮೇಲಿಟ್ಟೆ. ಗೆರೆ ಒಂದು ಬೆರಳಷ್ಟು ಹೊರಗಿತ್ತು. ಕುಶಾಲನಗರದಿಂದ ಗಂಡಸರ ಅಗಲ ಮುಂಭಾಗದ ಜೋಡು ತಂದೆ, ಒಳಗೆ ದಪ್ಪ ಸಾಕ್ಸ್. ಆ ಸಲದ ಕೊಯ್ಲಿನಲ್ಲಿ ಸಂಜೆವರೆಗೂ ಕಣದಲ್ಲಿ ನಿಂತೆ. ಹೆಬ್ಬೆರಳನ್ನು ಪಕ್ಕಕ್ಕೆ ಅಗಲಿಸುವ ವ್ಯಾಯಾಮವೂ ಹೇಳಿಕೊಟ್ಟಿದ್ದರು. ಮೊದಲು ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ, ಈಗ ಒಂದಿಷ್ಟು ಸರಿಯುತ್ತದೆ.

ಕಳೆದ ತಿಂಗಳು ಮತ್ತೆ ಎಕ್ಸ್‌ರೇ: 27 ಡಿಗ್ರಿ. ಒಂದು ಡಿಗ್ರಿ ಅಳತೆಯ ಹೆಚ್ಚುಕಡಿಮೆಯೂ ಇರಬಹುದಂತೆ. ನೇರ ಮಾಡಬೇಕಾದರೆ ಆಪರೇಷನ್ನೇ, ಅದಕ್ಕೆ ನೋವು ತಡೆಯಲಾರದಂತಾಗಲಿ, ಬರೀ ಚೆಂದಕ್ಕೆ ಬೇಡ ಅಂದರು.

ನೋವಿಗೆ ಐದರಲ್ಲಿ ಮೂರು ನಕ್ಷತ್ರ, ಡಬ್ಬದ ಮೇಲಿನ ಮಾತಿಗೆ ಸೊನ್ನೆ. ಮೂರನೇ ಮಳೆಗಾಲಕ್ಕೆ ಜೆಲ್ ತುಂಡು ಮತ್ತೆ ತರಿಸಿದ್ದೇನೆ, ಪಟ್ಟಿ ತರಿಸಿಲ್ಲ. ಹಳೆಯದನ್ನೇ ಹೊಲಿದು ಕಟ್ಟುತ್ತಿದ್ದೇನೆ.